ಅಂಡನಾಳ ಮುಚ್ಚಿದರೆ ಮನೆಯ ಬಾಗಿಲೂ ಮುಚ್ಚಬೇಕೇ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ವರದಕ್ಷಿಣೆಯ ಬಗ್ಗೆ, ಮದುವೆಯ ದುಂದುವೆಚ್ಚದ ಬಗ್ಗೆ, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾವು ಇಂಥ ವೇದಿಕೆಗಳಲ್ಲಿ ಸಾಕಷ್ಟು ಮಾತನಾಡಿದ್ದೇವೆ. ಆದರೆ ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ಮಡಿಲು ತುಂಬದ ಸಹೋದರಿಯ ಬಗ್ಗೆ ವೇದಿಕೆಯಲ್ಲಿ ಯಾರೂ ಮಾತನಾಡುವುದಿಲ್ಲ. ಆಕೆಯ ಬಗೆಗಿನ ಮಾತು ನಡೆಯುವುದು ಅಡುಗೆಮನೆಯಲ್ಲಿ, ಮದುವೆ ಸಭಾಂಗಣದ ಮೂಲೆಯಲ್ಲಿ, ಅದೂ ಆಕೆಯ ಕಿವಿಗೆ ಬೀಳುವಷ್ಟು ಮೆಲ್ಲಗೆ. ಇಂದು ಆ ಮಾತನ್ನು ಗೌರವದಿಂದ, ಬಹಿರಂಗವಾಗಿ ಆಡಬೇಕೆಂದು ನಾವು ಬಯಸಿದ್ದೇವೆ.

ನಾವು ಬಲ್ಲ ಒಂದು ಮನೆಯ ವಿಷಯದಿಂದಲೇ ಆರಂಭಿಸುತ್ತೇವೆ. ಹೆಸರು, ಊರು ಬೇಡ. ಆ ಹುಡುಗಿಗೆ ಹದಿನಾರನೆಯ ವಯಸ್ಸಿನಲ್ಲಿ ಕುತ್ತಿಗೆಯ ಗ್ರಂಥಿ ಊದಿಕೊಂಡಿತು. ಅದು ಕ್ಷಯವೆಂದು ಹೇಳಿದ ವೈದ್ಯರು ಆರು ತಿಂಗಳ ಔಷಧ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಊತ ಇಳಿಯಿತು. ಮನೆಯವರು ಔಷಧ ನಿಲ್ಲಿಸಿದರು. ಮಾತ್ರೆಯ ಪೊಟ್ಟಣ ಯಾರ ಕಣ್ಣಿಗಾದರೂ ಬಿದ್ದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ ಅವರಿಗಿತ್ತು. ಮುಂದೆ ನಿಕಾಹ್ ನಡೆಯಿತು. ಪತಿ ಗಲ್ಫ್‌ನಲ್ಲಿ ಉದ್ಯೋಗಿ. ನಾಲ್ಕು ವರ್ಷ ಕಳೆಯಿತು, ಮಗುವಾಗಲಿಲ್ಲ. ಮಂತ್ರಿಸಿದ ನೀರು, ತಾಯತ, ಕಷಾಯ ಎಲ್ಲವೂ ಆಯಿತು. ಕೊನೆಗೆ ಎರಡನೆಯ ಸಂಬಂಧದ ಹುಡುಕಾಟವೂ ಆರಂಭವಾಯಿತು. ಆ ಬಳಿಕವಷ್ಟೇ ಯಾರೋ ಒತ್ತಾಯಿಸಿದರೆಂದು ಆಕೆಯನ್ನು ತಜ್ಞ ವೈದ್ಯೆಯ ಬಳಿಗೆ ಕರೆದೊಯ್ದರು. ಎರಡೂ ಅಂಡನಾಳಗಳು ಮುಚ್ಚಿದ್ದವು. ಹಿಂದೆ ಕ್ಷಯವೇನಾದರೂ ಬಂದಿತ್ತೇ ಎಂದು ವೈದ್ಯೆ ಕೇಳಿದಾಗ ತಾಯಿ ಉತ್ತರಿಸಲಾಗದೆ ಅತ್ತುಬಿಟ್ಟರು. ಆ ನಾಲ್ಕು ವರ್ಷಗಳಲ್ಲಿ ಪತಿಗೆ ಒಂದೇ ಒಂದು ಪರೀಕ್ಷೆಯೂ ಆಗಿರಲಿಲ್ಲವೆಂಬುದನ್ನೂ ನಾವು ಇಲ್ಲಿ ಹೇಳಲೇಬೇಕು.

ಈ ಘಟನೆಯಲ್ಲಿ ದುಷ್ಟರು ಯಾರೂ ಇಲ್ಲ. ಇರುವುದು ಅಜ್ಞಾನ, ನಾಚಿಕೆ ಮತ್ತು ಮೌನ. ಆದರೆ ಇವುಗಳ ಬೆಲೆಯನ್ನು ತೆತ್ತವಳು ಮಾತ್ರ ಒಬ್ಬಳೇ.

ಅಂಡನಾಳವೆಂದರೇನು? ಗರ್ಭಾಶಯದ ಎರಡೂ ಬದಿಗಳಿಂದ ಅಂಡಾಶಯಗಳ ಕಡೆಗೆ ಚಾಚಿಕೊಂಡಿರುವ ಎರಡು ತೆಳುವಾದ ಕೊಳವೆಗಳಿವು. 16ನೆಯ ಶತಮಾನದಲ್ಲಿ ಇವನ್ನು ವಿವರವಾಗಿ ವರ್ಣಿಸಿದ ಇಟಲಿಯ ಅಂಗರಚನಾ ತಜ್ಞ ಗೇಬ್ರಿಯೆಲ್ ಫೆಲೋಪಿಯೋರ ಹೆಸರಿನಿಂದ ಫೆಲೋಪಿಯನ್ ನಾಳ ಎಂದೂ ಕರೆಯುತ್ತಾರೆ. ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಗರ್ಭಾಶಯವನ್ನು ಸೇರುವಲ್ಲಿ ಒಳದಾರಿಯ ಅಗಲ ಒಂದು ಮಿಲಿಮೀಟರ್‌ನಷ್ಟೂ ಇರುವುದಿಲ್ಲ. ಇನ್ನೊಂದು ತುದಿಯಲ್ಲಿ ಬೆರಳುಗಳಂತಹ ಎಳೆಗಳಿದ್ದು, ಅಂಡಾಶಯದಿಂದ ಹೊರಬಂದ ಅಂಡಾಣುವನ್ನು ಅವು ಒಳಗೆ ಸೆಳೆದುಕೊಳ್ಳುತ್ತವೆ. ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅಷ್ಟರೊಳಗೆ ವೀರ್ಯಾಣು ಈ ನಾಳದಲ್ಲೇ ಅದನ್ನು ಸಂಧಿಸಬೇಕು. ಹೀಗೆ ಉಂಟಾದ ಭ್ರೂಣವನ್ನು ನಾಳದ ಒಳಪದರದ ಅತಿಸೂಕ್ಷ್ಮ ರೋಮಗಳೂ ಸ್ನಾಯುಗಳೂ ಸೇರಿ ಕೆಲವು ದಿನಗಳಲ್ಲಿ ಗರ್ಭಾಶಯಕ್ಕೆ ತಲಪಿಸುತ್ತವೆ. ಮಾನವ ಜೀವದ ಮೊದಲ ಪ್ರಯಾಣ ನಡೆಯುವುದು ಈ ಇಕ್ಕಟ್ಟಾದ ದಾರಿಯಲ್ಲಿ. ಸೃಷ್ಟಿಕರ್ತನ ಕೌಶಲಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಇಷ್ಟು ಸೂಕ್ಷ್ಮವಾದ ದಾರಿ ಮುಚ್ಚಿಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಸೋಂಕೊಂದು ತಗಲಿ ವಾಸಿಯಾಗುವಾಗ ಉಳಿಯುವ ಗಾಯದ ಕಲೆಯೇ ಸಾಕು. ನಾಳ ಸಂಪೂರ್ಣ ಮುಚ್ಚದಿದ್ದರೂ ಒಳಗಿನ ರೋಮಗಳು ನಾಶವಾದರೆ ಅದು ತೆರೆದಿದ್ದೂ ನಿಷ್ಪ್ರಯೋಜಕ. ಮಹಿಳೆಯರ ಕಡೆಯಿಂದ ಉಂಟಾಗುವ ಸಂತಾನಹೀನತೆಯ ಪ್ರಕರಣಗಳಲ್ಲಿ ಸುಮಾರು ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿನಲ್ಲಿ ಅಂಡನಾಳದ ತೊಂದರೆ ಕಂಡುಬರುತ್ತದೆ. ಮುಟ್ಟು ತಿಂಗಳು ತಪ್ಪದೆ ಬರುತ್ತಿರುತ್ತದೆ, ಯಾವ ನೋವೂ ಇರುವುದಿಲ್ಲ, ಆರೋಗ್ಯ ಚೆನ್ನಾಗಿಯೇ ಕಾಣುತ್ತದೆ. ಆದುದರಿಂದಲೇ ಪರೀಕ್ಷೆ ಮಾಡಿಸುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ಕಾರಣಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಕಿಬ್ಬೊಟ್ಟೆಯ ಸೋಂಕು. ಕ್ಲಮೈಡಿಯಾ, ಗೊನೋರಿಯಾದಂತಹ ದಾಂಪತ್ಯ ಸಂಪರ್ಕದಿಂದ ಹರಡುವ ರೋಗಾಣುಗಳು ಗರ್ಭಕೊರಳಿನಿಂದ ಮೇಲೇರಿ ನಾಳಗಳನ್ನು ಸೇರುತ್ತವೆ. ಕ್ಲಮೈಡಿಯಾ ಬಹಳಷ್ಟು ಮಹಿಳೆಯರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ದುರ್ವಾಸನೆಯ ಬಿಳಿಸೆರಗು, ಕೆಳಹೊಟ್ಟೆಯ ನೋವು, ಜ್ವರ ಇವು ಕಾಣಿಸಿದಾಗಲೂ ನಮ್ಮ ಸಹೋದರಿಯರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಹೆಣ್ಣಿಗೆ ಇದೆಲ್ಲ ಸಹಜ ಎಂಬ ಉತ್ತರ ಸಿಗುತ್ತದೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂತಹ ಸೋಂಕಿಗೊಳಗಾದ ಮಹಿಳೆಯರನ್ನು ದೀರ್ಘಕಾಲ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉದಾಸೀನದ ಬೆಲೆಯನ್ನು ತೋರಿಸಿಕೊಟ್ಟಿತು. ಒಂದು ಬಾರಿ ಸೋಂಕು ತಗಲಿದವರಲ್ಲಿ ಸುಮಾರು ಶೇಕಡಾ 8 ಮಂದಿ ಅಂಡನಾಳದ ಹಾನಿಯಿಂದ ಸಂತಾನಹೀನರಾದರು. ಎರಡು ಬಾರಿ ತಗಲಿದವರಲ್ಲಿ ಅದು ಸುಮಾರು ಶೇಕಡಾ 20, ಮೂರು ಅಥವಾ ಹೆಚ್ಚು ಬಾರಿಯಾದಾಗ ಸುಮಾರು ಶೇಕಡಾ 40. ಅಂದರೆ ಮೊದಲ ಸೋಂಕಿಗೇ ಪೂರ್ಣ ಚಿಕಿತ್ಸೆ ಮಾಡಿಸುವುದು ಎಷ್ಟು ಮುಖ್ಯವೆಂದು ಊಹಿಸಿ. ಪತ್ನಿಗೆ ಮಾತ್ರ ಔಷಧ ಕೊಟ್ಟು ಪತಿ ಸುಮ್ಮನಿದ್ದರೆ ಸೋಂಕು ಮರಳಿ ಬರುತ್ತದೆ. ಇಬ್ಬರೂ ಏಕಕಾಲದಲ್ಲಿ ಚಿಕಿತ್ಸೆ ಪಡೆಯಬೇಕು.

ಎರಡನೆಯದು ಹೆರಿಗೆ ಅಥವಾ ಗರ್ಭಪಾತದ ನಂತರದ ನಂಜು. ಒಂದು ಮಗುವಾದ ಬಳಿಕ ಮತ್ತೆ ಗರ್ಭ ನಿಲ್ಲದಿರುವುದಕ್ಕೆ ಇದೂ ಒಂದು ಪ್ರಮುಖ ಕಾರಣ. ಗರ್ಭ ಜಾರಿದಾಗ ಮನೆಯಲ್ಲೇ ಏನನ್ನೋ ಕುಡಿಸುವುದು, ಅನರ್ಹರ ಕೈಯಲ್ಲಿ ಗರ್ಭಕೋಶ ಶುದ್ಧಿ ಮಾಡಿಸುವುದು ಜೀವಕ್ಕೂ ಅಪಾಯ, ಮುಂದಿನ ಸಂತಾನಕ್ಕೂ ಅಪಾಯ. ಒಡೆದ ಅಪೆಂಡಿಕ್ಸ್, ಹಿಂದೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆ, ಗರ್ಭಾಶಯದ ಒಳಪದರದಂತಹ ಅಂಗಾಂಶ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್, ಹಿಂದೆ ನಾಳದಲ್ಲಿ ನಿಂತ ಗರ್ಭ ಇವೂ ನಾಳಕ್ಕೆ ಹಾನಿ ಮಾಡಬಲ್ಲವು.

ಮೂರನೆಯದು, ನಮ್ಮ ದೇಶದ ಮಟ್ಟಿಗೆ ಅತ್ಯಂತ ಗಂಭೀರವಾದುದು, ಕ್ಷಯ. ಕ್ಷಯವೆಂದರೆ ಕೆಮ್ಮು ಮತ್ತು ಕಫ ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಶ್ವಾಸಕೋಶದಿಂದ ರಕ್ತದ ಮೂಲಕ ಹೊರಟ ರೋಗಾಣು ಜನನಾಂಗಗಳನ್ನು ಸೇರಿದರೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಅಂಡನಾಳಗಳಿಗೆ ಹಾನಿಯಾಗುತ್ತದೆ. ಆಗ ಕೆಮ್ಮು ಇಲ್ಲದಿರಬಹುದು, ಕಫದ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಮುಟ್ಟಿನ ಏರುಪೇರು, ಮಂದವಾದ ಹೊಟ್ಟೆನೋವು, ತೂಕ ಇಳಿಯುವುದು, ಕೆಲವೊಮ್ಮೆ ಇವಾವುವೂ ಇಲ್ಲ. ಕ್ಷಯದ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. 2018ರಲ್ಲಿ ಆರಂಭವಾದ ನಿಕ್ಷಯ ಪೋಷಣ ಯೋಜನೆಯಡಿ ರೋಗಿಯ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಆದರೆ ಔಷಧ ರೋಗಾಣುವನ್ನು ಕೊಲ್ಲಬಲ್ಲುದೇ ಹೊರತು ಒಮ್ಮೆ ಗಡುಸಾಗಿ ಮುಚ್ಚಿದ ನಾಳವನ್ನು ಮತ್ತೆ ತೆರೆಯಲಾರದು. ಆದ್ದರಿಂದ ಹೆಣ್ಣುಮಗಳಿಗೆ ಕ್ಷಯ ಬಂದರೆ ಮುಚ್ಚಿಡಬೇಡಿ, ಔಷಧವನ್ನು ಒಂದು ದಿನವೂ ತಪ್ಪಿಸಬೇಡಿ. ಸಂಬಂಧ ತಪ್ಪೀತೆಂದು ಮಾತ್ರೆ ನಿಲ್ಲಿಸುವ ತಂದೆತಾಯಿ ಮಗಳ ಮಡಿಲನ್ನೇ ಪಣಕ್ಕಿಡುತ್ತಿದ್ದಾರೆ. ಸಂಪೂರ್ಣ ಗುಣವಾದ ಹುಡುಗಿಯನ್ನು ನಿರಾಕರಿಸುವ ವರನ ಕಡೆಯವರೂ ಈ ಪಾಪದಲ್ಲಿ ಪಾಲುದಾರರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾಳ ಮುಚ್ಚಿದೆಯೆಂದ ಕೂಡಲೇ ಪತ್ನಿಯ ನಡತೆಯ ಮೇಲೆ ಸಂಶಯಪಡುವವರಿದ್ದಾರೆ. ಮೇಲೆ ಹೇಳಿದ ಕಾರಣಗಳನ್ನು ಮತ್ತೊಮ್ಮೆ ಎಣಿಸಿ ನೋಡಿ. ಕ್ಷಯ, ಹೆರಿಗೆಯ ನಂಜು, ಅಪೆಂಡಿಕ್ಸ್ ಇವುಗಳಿಗೂ ನಡತೆಗೂ ಏನು ಸಂಬಂಧ? ಸಂಪರ್ಕದಿಂದ ಹರಡುವ ಸೋಂಕನ್ನು ಪತಿಯೇ ಮನೆಗೆ ತಂದಿರಲೂಬಹುದು. ಎಕ್ಸ್‌ರೇ ಚಿತ್ರವು ನಾಳ ಮುಚ್ಚಿದೆಯೆಂದು ಹೇಳುತ್ತದೆ, ಯಾರ ಚಾರಿತ್ರ್ಯವನ್ನೂ ಅದು ಹೇಳುವುದಿಲ್ಲ. ಪತಿವ್ರತೆಯಾದ ಸ್ತ್ರೀಯ ಮೇಲೆ ಅಪವಾದ ಹೊರಿಸುವುದು ಮಹಾಪಾಪಗಳಲ್ಲೊಂದೆಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಹಾಗಾದರೆ ಯಾವಾಗ ವೈದ್ಯರ ಬಳಿ ಹೋಗಬೇಕು? ಯಾವುದೇ ನಿರೋಧಕ ಬಳಸದೆ ಒಂದು ವರ್ಷ ಒಟ್ಟಿಗೆ ಬಾಳಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಆರಂಭಿಸಬೇಕು. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಹಿಂದೆ ಕ್ಷಯವೋ ಕಿಬ್ಬೊಟ್ಟೆಯ ಸೋಂಕೋ ಆಗಿದ್ದರೆ ಕಾಯುವ ಅಗತ್ಯವೇ ಇಲ್ಲ. ಒಟ್ಟಿಗೆ ಬಾಳಿದರೂ ಎಂಬ ಮಾತನ್ನು ಗಮನಿಸಿ. ಪತಿ ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಲ್ಲಿ ಐದು ವರ್ಷದ ದಾಂಪತ್ಯವೆಂದರೆ ಐದೇ ತಿಂಗಳ ಸಹವಾಸ. ಆ ಸಹೋದರಿಯನ್ನು ಬಂಜೆಯೆಂದು ಕರೆಯುವ ನಾಲಿಗೆಗೆ ಲೆಕ್ಕವೂ ತಿಳಿಯದು, ಕರುಣೆಯೂ ತಿಳಿಯದು.

ಪರೀಕ್ಷೆಯ ಕ್ರಮವೂ ಮುಖ್ಯ. ಮೊದಲು ಪತಿಯ ವೀರ್ಯ ಪರೀಕ್ಷೆಯಾಗಲಿ. ಸಂತಾನಹೀನತೆಯ ಪ್ರಕರಣಗಳಲ್ಲಿ ಅರ್ಧದ ಹತ್ತಿರ ಹತ್ತಿರ ಪುರುಷರ ಕಡೆಯ ತೊಂದರೆ ಸಂಪೂರ್ಣವಾಗಿಯೋ ಭಾಗಶಃವಾಗಿಯೋ ಕಾರಣವಾಗಿರುತ್ತದೆ. ಈ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ವಿದೇಶದಲ್ಲಿರುವವರು ಅಲ್ಲೇ ಮಾಡಿಸಿಕೊಂಡು ವರದಿಯೊಂದಿಗೆ ಬರಬಹುದು. ಗಂಡಸುತನಕ್ಕೆ ಕುಂದೆಂದು ಪತಿ ಇದನ್ನು ಮುಂದೂಡುತ್ತಾ, ಪತ್ನಿಯನ್ನು ಮಾತ್ರ ಒಂದರ ಮೇಲೊಂದು ನೋವಿನ ಪರೀಕ್ಷೆಗೆ ಒಡ್ಡುವುದು ಅನ್ಯಾಯ.

ನಾಳದ ಪರೀಕ್ಷೆಗೆ ಎಚ್.ಎಸ್.ಜಿ. ಎಂಬ ಎಕ್ಸ್‌ರೇ ವಿಧಾನವಿದೆ. ಮುಟ್ಟು ನಿಂತ ಬಳಿಕ, ಅಂಡಾಣು ಬಿಡುಗಡೆಯಾಗುವುದಕ್ಕಿಂತ ಮೊದಲು, ಗರ್ಭಾಶಯದೊಳಗೆ ವಿಶೇಷ ದ್ರಾವಣವೊಂದನ್ನು ಹಾಯಿಸಿ ಅದು ನಾಳಗಳ ಮೂಲಕ ಹರಿದು ಹೊರಬರುತ್ತದೆಯೇ ಎಂದು ನೋಡುತ್ತಾರೆ. ಮುಟ್ಟಿನ ನೋವಿನಂತಹ ಸೆಳೆತ ಸ್ವಲ್ಪ ಹೊತ್ತು ಇರುತ್ತದೆ. ಒಂದು ವಿಷಯ ತಿಳಿದಿರಲಿ. ನೋವಿಗೆ ನಾಳದ ಬುಡ ಬಿಗಿದುಕೊಂಡರೆ ತೆರೆದ ನಾಳವೂ ಮುಚ್ಚಿದಂತೆ ಕಾಣಬಹುದು. ಆದ್ದರಿಂದ ಒಂದೇ ವರದಿಯನ್ನು ಹಿಡಿದುಕೊಂಡು ಎದೆಗುಂದಬೇಡಿ, ಆತುರದ ತೀರ್ಮಾನ ಬೇಡ. ಅಗತ್ಯವಿದ್ದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೋಡುವ ಲ್ಯಾಪರೋಸ್ಕೋಪಿಯಿಂದ ಖಚಿತಪಡಿಸಿಕೊಳ್ಳಬಹುದು. ಇಷ್ಟೇ ಅಲ್ಲ, ದ್ರಾವಣ ಹಾಯಿಸುವುದರಿಂದಲೇ ಕೆಲವರಿಗೆ ಪ್ರಯೋಜನವಾಗುವುದುಂಟು. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣ್ಣೆ ಆಧಾರಿತ ದ್ರಾವಣ ಬಳಸಿದವರಲ್ಲಿ ಆರು ತಿಂಗಳೊಳಗೆ ಸುಮಾರು ಶೇಕಡಾ 40 ಮಂದಿಯೂ, ನೀರು ಆಧಾರಿತ ದ್ರಾವಣ ಬಳಸಿದವರಲ್ಲಿ ಸುಮಾರು ಶೇಕಡಾ 29 ಮಂದಿಯೂ ಗರ್ಭ ಧರಿಸಿದರು.

ಒಂದು ನಾಳ ಮುಚ್ಚಿದ್ದು ಇನ್ನೊಂದು ಆರೋಗ್ಯವಾಗಿದ್ದರೆ ಸಹಜವಾಗಿಯೇ ಗರ್ಭ ನಿಲ್ಲಬಹುದು. ಹಾನಿ ಅಲ್ಪವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಸಾಧ್ಯತೆಯಿದೆ. ಎರಡೂ ನಾಳಗಳು ತೀವ್ರವಾಗಿ ಹಾಳಾಗಿದ್ದರೆ ಉಳಿಯುವ ದಾರಿ ಐ.ವಿ.ಎಫ್., ಅಂದರೆ ಪ್ರನಾಳ ಶಿಶು ವಿಧಾನ. ನಾಳದಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಅದನ್ನು ಮೊದಲೇ ತೆಗೆಯಬೇಕು ಅಥವಾ ಅದರ ಬುಡವನ್ನು ಮುಚ್ಚಬೇಕು, ಇಲ್ಲವಾದರೆ ಯಶಸ್ಸಿನ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಈ ವಿಧಾನ ಹುಟ್ಟಿಕೊಂಡದ್ದೇ ನಾಳ ಮುಚ್ಚಿದ ಮಹಿಳೆಯರಿಗಾಗಿ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜನಿಸಿದ ಲೂಯಿಸ್ ಬ್ರೌನ್‌ಳ ತಾಯಿಯ ಅಂಡನಾಳಗಳು ಮುಚ್ಚಿದ್ದವು. ಇದರ ಹಿಂದಿದ್ದ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್‌ರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅದೇ 1978ರ ಅಕ್ಟೋಬರ್ 3ರಂದು ಕೊಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದಲ್ಲೂ ಇಂತಹ ಮಗು ಜನಿಸಿತು. ಅಂದಿನ ಅಧಿಕಾರಿಗಳು ಅವರನ್ನು ನಂಬಲಿಲ್ಲ, ಅಪಮಾನಿಸಿದರು. 1981ರಲ್ಲಿ ಅವರು ತಮ್ಮ ಜೀವನವನ್ನೇ ಕೊನೆಗೊಳಿಸಿಕೊಂಡರು. ಅವರ ಸಾಧನೆಗೆ ಮನ್ನಣೆ ದೊರೆತದ್ದು ಮರಣಾನಂತರ.

ಇದು ಧರ್ಮಸಮ್ಮತವೇ ಎಂದು ಹಲವರು ಕೇಳುತ್ತಾರೆ. 1980ರಲ್ಲಿ ಈಜಿಪ್ಟಿನ ಶೈಖ್ ಜಾದುಲ್ ಹಕ್ ನೀಡಿದ ಫತ್ವಾ ಮತ್ತು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ನಿರ್ಣಯ ಇದಕ್ಕೆ ಷರತ್ತಿನ ಮೇಲೆ ಅನುಮತಿ ನೀಡಿವೆ. ವಿವಾಹ ಬಂಧನ ಊರ್ಜಿತದಲ್ಲಿರಬೇಕು, ವೀರ್ಯ ಪತಿಯದೇ, ಅಂಡಾಣು ಪತ್ನಿಯದೇ ಆಗಿದ್ದು ಆಕೆಯ ಗರ್ಭದಲ್ಲೇ ಬೆಳೆಯಬೇಕು, ಮೂರನೆಯವರ ಪಾತ್ರ ಕೂಡದು. ಆದುದರಿಂದ ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ದಾನಿಯ ಅಂಡಾಣು ಅಥವಾ ವೀರ್ಯ ಬೇಡವೆಂದು ಬರವಣಿಗೆಯಲ್ಲೇ ತಿಳಿಸಿ. 2021ರ ಕಾನೂನಿನ ಪ್ರಕಾರ ಇಂತಹ ಚಿಕಿತ್ಸಾ ಕೇಂದ್ರಗಳು ನೋಂದಣಿ ಪಡೆದಿರಲೇಬೇಕು, ಅದನ್ನೂ ವಿಚಾರಿಸಿ. ಒಂದು ಸುತ್ತಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚಾಗುವುದುಂಟು, ಫಲ ಖಚಿತವಲ್ಲ, ವಯಸ್ಸು ಏರಿದಂತೆ ಸಾಧ್ಯತೆ ಇಳಿಯುತ್ತದೆ. ಮಗು ಖಂಡಿತವೆಂದು ಜಾಹೀರಾತು ಕೊಡುವವರನ್ನು ನಂಬಿ ಒಡವೆ ಅಡವಿಡಬೇಡಿ.

ನಾಳದ ತೊಂದರೆಯಿದ್ದವರು ಮರೆಯಬಾರದ ಇನ್ನೊಂದು ಅಪಾಯವಿದೆ. ಭ್ರೂಣ ಗರ್ಭಾಶಯಕ್ಕೆ ತಲಪದೆ ನಾಳದಲ್ಲೇ ಬೆಳೆಯತೊಡಗಿದರೆ ನಾಳ ಒಡೆದು ಒಳಗೇ ರಕ್ತಸ್ರಾವವಾಗುತ್ತದೆ. ಮುಟ್ಟು ತಪ್ಪಿದ ಬಳಿಕ ಕೆಳಹೊಟ್ಟೆಯ ಒಂದು ಬದಿಯಲ್ಲಿ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ಮುಸ್ಲಿಮರ ಜನಸಂಖ್ಯೆಯ ಬಗ್ಗೆ ಭಯ ಬಿತ್ತುವ ಭಾಷಣಗಳು ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ 4.4 ಇದ್ದ ಮುಸ್ಲಿಮ್ ಮಹಿಳೆಯರ ಫಲವತ್ತತೆಯ ದರ 2019-21ರಲ್ಲಿ 2.4ಕ್ಕೆ ಇಳಿದಿದೆ. ಈ ಗದ್ದಲದಲ್ಲಿ ಮಕ್ಕಳಿಲ್ಲದವರ ಕಣ್ಣೀರು ಯಾರಿಗೂ ಕಾಣಿಸುವುದಿಲ್ಲ. ಇದು ಒಂದು ಸಮುದಾಯದ ಸಮಸ್ಯೆಯೂ ಅಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವರದಿ ಮಾಡಿತು. ಸಂತಾನ ನಿಯಂತ್ರಣಕ್ಕೆ 1952ರಿಂದ ಯೋಜನೆ ನಡೆಸಿಕೊಂಡು ಬಂದಿರುವ ಸರಕಾರಗಳು ಸಂತಾನಹೀನ ಬಡವರಿಗಾಗಿಯೂ ಜಿಲ್ಲಾಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆಯ ವ್ಯವಸ್ಥೆ ಮಾಡಬೇಕೆಂದು ಕೇಳುವುದು ಎಲ್ಲ ಧರ್ಮದವರ ಹಕ್ಕು.

ಆದರೆ ನಮ್ಮ ಮನೆಯೊಳಗಿನ ಕೆಲಸವನ್ನು ಸರಕಾರ ಮಾಡಲಾರದು. ಸಂತಾನ ನೀಡುವವನು ಅಲ್ಲಾಹನು, ಕೆಲವರಿಗೆ ನೀಡದಿರುವವನೂ ಅವನೇ ಎಂದು ನಾವು ನಂಬುತ್ತೇವೆ. ಹಾಗಿದ್ದ ಮೇಲೆ ಸೊಸೆಯನ್ನು ದೂಷಿಸುವುದು ಯಾವ ನಂಬಿಕೆ? ಪ್ರವಾದಿ ಝಕರಿಯ್ಯಾ(ಅ) ವೃದ್ಧಾಪ್ಯದವರೆಗೂ ಮಗುವಿಗಾಗಿ ಪ್ರಾರ್ಥಿಸಿದರು. ಹಝ್ರತ್ ಆಇಶಾ(ರ)ರಿಗೆ ಮಕ್ಕಳಿರಲಿಲ್ಲ. ಪ್ರವಾದಿವರ್ಯರು(ಸ) ಅವರನ್ನು ಅವರ ಸಹೋದರಿಯ ಮಗನ ಹೆಸರಿನಿಂದ ಉಮ್ಮು ಅಬ್ದಿಲ್ಲಾಹ್ ಎಂದು ಕರೆದು ಗೌರವಿಸಿದರು. ಇಡೀ ಸಮುದಾಯವೇ ಅವರನ್ನು ವಿಶ್ವಾಸಿಗಳ ಮಾತೆ ಎನ್ನುತ್ತದೆ. ಮಗು ಹೆರದವಳು ಅಪೂರ್ಣಳು ಎನ್ನುವವರು ಇದನ್ನು ಓದಿಲ್ಲವೇ? ಪ್ರಾರ್ಥನೆ ಬೇಕು, ಅದರೊಂದಿಗೆ ಚಿಕಿತ್ಸೆಯೂ ಬೇಕು. ಔಷಧ ಮಾಡಿಸಿಕೊಳ್ಳಿರೆಂದು ಬೋಧಿಸಿದ ಪ್ರವಾದಿಯ(ಸ) ಅನುಯಾಯಿಗಳು ವರ್ಷಗಟ್ಟಲೆ ತಾಯತದ ಹಿಂದೆ ಅಲೆಯುವುದು ಶೋಭೆಯಲ್ಲ. ಯಾವ ಚಿಕಿತ್ಸೆಯೂ ಫಲಿಸದಿದ್ದರೆ ಅನಾಥ ಮಗುವೊಂದರ ಪಾಲನೆಯ ಪುಣ್ಯಕಾರ್ಯಕ್ಕೆ ಬಾಗಿಲು ಸದಾ ತೆರೆದಿದೆ.

ಜಮಾಅತ್‌ಗಳ ಹೊಣೆಗಾರರಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆಯಾದರೂ ಮಹಿಳಾ ವೈದ್ಯರನ್ನು ಕರೆಸಿ ಹೆಣ್ಣುಮಕ್ಕಳೊಂದಿಗೆ ಮುಕ್ತವಾಗಿ ಮಾತನಾಡಿಸಿ. ಕ್ಷಯದ ಔಷಧ ಸೇವಿಸುತ್ತಿರುವ ಬಡ ಕುಟುಂಬಗಳ ಬೆಂಬಲಕ್ಕೆ ನಿಲ್ಲಿರಿ. ಮಕ್ಕಳಾಗಲಿಲ್ಲವೆಂಬ ಕಾರಣದಿಂದ ತಲಾಕ್‌ನ ಮಾತು ಬಂದರೆ, ಇಬ್ಬರ ಪರೀಕ್ಷೆಯ ವರದಿ ಎಲ್ಲಿದೆ ಎಂದು ಮೊದಲು ಕೇಳಿರಿ.

ಆರಂಭದಲ್ಲಿ ಹೇಳಿದ ಆ ಮನೆಯ ವಿಷಯ ಹೇಳಿ ಮುಗಿಸುತ್ತೇವೆ. ಆ ಪತಿ ಎರಡನೆಯ ಸಂಬಂಧವನ್ನು ನಿರಾಕರಿಸಿದರು. ರಜೆಯಲ್ಲಿ ಬಂದಾಗ ತಾವೂ ಪರೀಕ್ಷೆ ಮಾಡಿಸಿಕೊಂಡರು. ಚಿಕಿತ್ಸೆ ನಡೆಯುತ್ತಿದೆ, ಮಗು ಇನ್ನೂ ಆಗಿಲ್ಲ. ಆದರೆ ಈಗ ಆಸ್ಪತ್ರೆಯ ಸರದಿಯಲ್ಲಿ ಆಕೆಯ ಪಕ್ಕದಲ್ಲಿ ಕುಳಿತಿರುವವರು ಆಕೆಯ ಅತ್ತೆ. ಅಂತಹ ಅತ್ತೆಯಂದಿರು ನಮ್ಮ ಪ್ರತಿ ಮನೆಯಲ್ಲೂ ಇರುವಂತಾಗಲಿ. ಮಗುವಿಗಾಗಿ ಹಂಬಲಿಸುವ ಪ್ರತಿಯೊಬ್ಬರ ಪ್ರಾರ್ಥನೆಯನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.